ಶೂಟಿಂಗ್ ಮುಗಿದ ಮೇಲೆ ಶಾರ್ಟ್ ಫಿಲ್ಮ್‌ಗೆ ಒಂದು ಒಳ್ಳೆ ಕೊನೆಯ ಡೈಲಾಗ್ ಸೇರಿಸಬಹುದಾ?

ಹಾಲಿವುಡ್ ಸಿನಿಮಾ 'ಕ್ಯಾಸಾಬ್ಲಾಂಕಾ'ದ ಕೊನೆಯ ಮಾತನ್ನೂ ಡಬ್ಬಿಂಗ್‌ನಲ್ಲೇ ಸೇರಿಸಿದ್ರಂತೆ, ನಾನೂ ಸೇರಿಸ್ಲಾ ಅಂತ ಕೇಳಿದ್ದೀರಿ. ಬಾಗಲಕೋಟೆಯಲ್ಲಿ ಕೂತು ಇದೇ ಕೆಲಸ ಮಾಡಿದವನು ನಾನು.

ನನ್ನದು ಮುಳುಗಡೆಯ ಕತೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಬಿಟ್ಟು ನವನಗರಕ್ಕೆ ಹೊರಡುವ ಅಜ್ಜ. ಆ ಪಾತ್ರ ಮಾಡಿದವರು ನಿಜವಾಗಿಯೂ ಹಾಗೆ ಮನೆ ಬಿಟ್ಟು ಬಂದವರೇ. ಕೊನೆಯ ಶಾಟ್‌ನಲ್ಲಿ ಮನೆಯ ಬಾಗಿಲು, ಕಿಟಕಿ, ತೊಲೆ ಎಲ್ಲ ಕಿತ್ತು ಟ್ರ್ಯಾಕ್ಟರ್‌ಗೆ ಹೇರಿದ್ದಾರೆ. ಅಜ್ಜ, ಅವರ ಮಗ ಕ್ಯಾಮೆರಾಗೆ ಬೆನ್ನು ಮಾಡಿ ನಡೆಯುತ್ತಾರೆ. ಸ್ಕ್ರಿಪ್ಟ್‌ನಲ್ಲಿ ಮಾತೇ ಇರಲಿಲ್ಲ. ಅಜ್ಜಾರು ನಡೀತಾ ನಡೀತಾ ತಾವೇ ಕೇಳಿಬಿಟ್ಟರು, "ಬಾಗಲಾ ಹಾಕೀಯಿಲ್ಲೋ?" ಮಗನ ಪಾತ್ರದಲ್ಲಿದ್ದ ನಮ್ಮ ಕಾಕಾನ ಮಗ ತಬ್ಬಿಬ್ಬಾಗಿ, "ಬಾಗಲಾ ಟ್ರ್ಯಾಕ್ಟರ್‌ದಾಗ ಐತೆಪಾ" ಅಂದ.

ಅದನ್ನು ನಾನು ತೆಗೆದುಹಾಕಿದೆ!

ಯಾಕೆ ಅಂತ ಪೂರ್ತಿ ಹೇಳ್ತೀನಿ. 'ಕ್ಯಾಸಾಬ್ಲಾಂಕಾ' 1942ರದ್ದು. ಅದರ ಕೊನೆಯ ಮಾತನ್ನು ಶೂಟಿಂಗ್ ಮುಗಿದ ಮೇಲೆ ನಿರ್ಮಾಪಕ ಹಾಲ್ ವಾಲಿಸ್ ಬರೆದರು, ನಾಯಕ ನಟ ಹಂಫ್ರಿ ಬೊಗಾರ್ಟ್‌ರನ್ನು ಮತ್ತೆ ಕರೆಸಿ ದನಿ ತೆಗೆದುಕೊಂಡರು. ಅಲ್ಲೂ ಇಬ್ಬರು ಮಂಜಿನಲ್ಲಿ ಬೆನ್ನು ಮಾಡಿ ನಡೀತಾರೆ, ತುಟಿ ಕಾಣಲ್ಲ. ನನ್ನ ಶಾಟ್‌ನಲ್ಲೂ ತುಟಿ ಕಾಣಲ್ಲ. ಇನ್ನೇನು ಬೇಕು? ದಪ್ಪ ದನಿಯ ಗೆಳೆಯನೊಬ್ಬನನ್ನು ಕರೆದು, "ಊರು ಮುಳುಗಬಹುದು, ನೆನಪು ಮುಳುಗುವುದಿಲ್ಲ" ಅಂತ ಹೇಳಿಸಿದೆ. ಬಾಗಲಕೋಟೆಯ ಅಜ್ಜ ಸಡನ್ನಾಗಿ ವಾರ್ತೆ ಓದಿದ ಹಾಗಿತ್ತು. ಆಗ ನನಗೆ ಅದು ಭಾರಿ ಅನಿಸಿತ್ತು. ಎಷ್ಟು ಭಾರಿ ಅಂದ್ರೆ, ಲ್ಯಾಪ್‌ಟಾಪ್‌ನಲ್ಲಿ ಜಾಗ ಇಲ್ಲ ಅಂತ ಮೂಲ ಆಡಿಯೋನೂ ಅಳಿಸಿದೆ. ಬೇರೆ ಕಾಪಿ ಇರಲಿಲ್ಲ.

ತೋರಿಸಿದ ದಿನ ಅಜ್ಜಾರು ಕೇಳಿದ್ದು ಒಂದೇ: "ಯಾರ ದನಿಯೋ ತಮ್ಮಾ ಅದು?" ಮುಂದಿನ ಚಿತ್ರವನ್ನು ಅವರ ಮನೆಯಲ್ಲೇ ತೆಗೆಯಬೇಕು ಅಂತ ಮಾತಾಗಿತ್ತು. ಆಮೇಲೆ ಅವರು ಆ ಮಾತೇ ಎತ್ತಲಿಲ್ಲ. ನನಗೂ ಕೇಳೋ ಮುಖ ಇರಲಿಲ್ಲ.

'ಕ್ಯಾಸಾಬ್ಲಾಂಕಾ'ದ ಆ ಸೀನನ್ನು ಸರಿಯಾಗಿ ನೋಡಿದ್ದು ಇಷ್ಟೆಲ್ಲ ಆದಮೇಲೆ. ನಾಯಕ ರಿಕ್ ಪ್ರೀತಿಸಿದವಳನ್ನು ವಿಮಾನ ಹತ್ತಿಸಿ ಕಳಿಸಿದ್ದಾನೆ, ಒಬ್ಬ ಜರ್ಮನ್ ಅಧಿಕಾರಿಯನ್ನು ಗುಂಡಿಟ್ಟು ಕೊಂದಿದ್ದಾನೆ. ಪೊಲೀಸ್ ಅಧಿಕಾರಿ ಲೂಯಿ ಅವನನ್ನು ಹಿಡಿಯದೆ ಬಚಾವ್ ಮಾಡಿದ್ದಾನೆ. ಆಮೇಲೆ ಇಬ್ಬರೂ ಮಾತಾಡೋದು ದುಡ್ಡಿನ ಬಗ್ಗೆ! ರಿಕ್ ಗೆದ್ದ 10,000 ಫ್ರಾಂಕ್ ಬಾಜಿ ದುಡ್ಡು "ನಮ್ಮ ಖರ್ಚಿಗೆ" ಆಗುತ್ತೆ ಅಂತಾನೆ ಲೂಯಿ. "ನಮ್ಮ ಖರ್ಚಿಗಾ?" ಅಂತ ರಿಕ್ ಕೇಳಿ, ಆಮೇಲೆ ಹೇಳೋದು, "ಲೂಯಿ, ಇದು ಒಂದು ಚಂದದ ಗೆಳೆತನದ ಶುರು ಅನ್ಸುತ್ತೆ." ಗೆಳೆತನ ಆಗಲೇ ಆಗಿಹೋಗಿದೆ. ಆ ಮಾತು ಅರ್ಧ ತಮಾಷೆ. ಖರ್ಚಿನ ಮಾತು ತೆಗೆದು ಪೋಸ್ಟರ್ ಮೇಲೆ ಹಾಕಿದ್ರೆ ಅದು ಶುಭಾಶಯ ಪತ್ರ ಆಗುತ್ತೆ.

1959ರ 'ಸಮ್ ಲೈಕ್ ಇಟ್ ಹಾಟ್' ಕೂಡ ಹಾಗೇ. ಹೆಣ್ಣಿನ ವೇಷದವನು ವಿಗ್ ಕಿತ್ತು "ನಾನು ಗಂಡಸು" ಅಂತ ಕಿರುಚಿದರೆ, ಮದುವೆ ಆಗೋಕೆ ಹೊರಟ ಶ್ರೀಮಂತ ತಣ್ಣಗೆ "ಎಲ್ಲರಲ್ಲೂ ಒಂದೊಂದು ಐಬು ಇರುತ್ತೆ ಬಿಡು" ಅಂತಾನೆ. ನಿರ್ದೇಶಕ ಬಿಲ್ಲಿ ವೈಲ್ಡರ್ ಮತ್ತು ಅವರ ಜೊತೆ ಸ್ಕ್ರಿಪ್ಟ್ ಬರೆದ ಡೈಮಂಡ್ ಅದನ್ನು ಸದ್ಯಕ್ಕೆ ಇರಲಿ ಅಂತ ಬರೆದಿಟ್ಟಿದ್ದು.

ಹಾಗಾಗಿ ಸೇರಿಸಬಹುದಾ ಅಂದ್ರೆ, ನನ್ನ ಪ್ರಕಾರ ಬೇಡ. 'ಒಳ್ಳೆ ಕೊನೆಯ ಡೈಲಾಗ್' ಅಂತ ಬೇರೆಯಾಗಿ ಒಂದು ಸಾಮಾನು ಇಲ್ಲ. ಶೂಟ್ ಮಾಡಿದ್ದನ್ನೇ ಮತ್ತೆ ಕೇಳಿ, ಕಟ್ ಹೇಳೋಕೆ ಮುಂಚೆ ನಿಮ್ಮ ನಟರು ಏನಾದ್ರೂ ಅಂದಿರ್ತಾರೆ. ಡಬ್ಬಿಂಗ್ ಸ್ಟುಡಿಯೋಗೆ ಕೊಡೋ ದುಡ್ಡಲ್ಲಿ ಮೊದಲು ಒಂದು ಹಾರ್ಡ್ ಡಿಸ್ಕ್ ತಗೊಳ್ಳಿ.