ಮೂರನೇ ಮಗುವಿಗೆ ಭಯ ಕಡಿಮೆಯಾದರೆ ತಪ್ಪೇ?

ಪ್ರಶ್ನೆ: ನಾವು ಚಿಂತಾಮಣಿ ಹತ್ತಿರದ ಹಳ್ಳಿಯವರು. ಮಗಳಿಗೆ 9 ವರ್ಷ, ಮಗನಿಗೆ 5. ಚಿಕ್ಕವನಿಗೆ ಈಗ 7 ತಿಂಗಳು. ಮಗಳು ಸೀನಿದರೂ ಆಸ್ಪತ್ರೆಗೆ ಓಡುತ್ತಿದ್ದೆವು. ಇವನು ನೆಲದ ಮೇಲೆ ಉರುಳಾಡಿದರೂ, ಒಂದು ಹೊತ್ತು ರಾಗಿ ಸರಿ ಬೇಡವೆಂದರೂ ನನಗೆ ಗಾಬರಿಯಾಗುವುದಿಲ್ಲ. ‘ಇವನ ಮೇಲೆ ನಿನಗೆ ಅಕ್ಕರೆಯೇ ಇಲ್ಲ’ ಎನ್ನುತ್ತಾರೆ ಅತ್ತೆ. ನನ್ನ ಪ್ರೀತಿ ಕಡಿಮೆಯಾಗಿದೆಯೇ?

ಉತ್ತರ: ಖಂಡಿತ ಇಲ್ಲಮ್ಮ. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುತ್ತದೆ. ಸಾಮಾನ್ಯವಾಗಿ ಎರಡು ವಾರದೊಳಗೆ ಮತ್ತೆ ಏರುತ್ತದೆ. ಚೊಚ್ಚಲ ತಾಯಿ ಇದನ್ನು ಕಂಡು, ಹಾಲು ಸಾಲುತ್ತಿಲ್ಲವೇನೋ ಎಂದು ಅಳುತ್ತಾಳೆ. ಮುಂದಿನ ಸಲ ಅವಳಿಗೆ ಗೊತ್ತಿರುತ್ತದೆ. ನಿಮಗೂ ಆಗಿರುವುದು ಅದೇ. ಹಸಿವಿನ ಅಳು ಯಾವುದು, ನಿದ್ದೆಯ ಅಳು ಯಾವುದು ಅಂತ ಈಗ ಕೇಳಿದ ಕೂಡಲೇ ತಿಳಿಯುತ್ತದೆ, ಅಲ್ವಾ? ಮುಖ ತಿರುಗಿಸಿದ ಮಗುವಿಗೆ ಸರಿ ತುರುಕದೆ ಇರುವುದೂ ಒಳ್ಳೆಯದೇ. ಅಂಗನವಾಡಿಯಲ್ಲಿ ತೂಕ ಹಾಕಿಸುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ತೂಕ ಏರುತ್ತಿರುವುದನ್ನು ಕಣ್ಣಾರೆ ನೋಡಿದರೆ ಅವರಿಗೂ ಸಮಾಧಾನ.

ನನಗೆ ಚಿಂತೆ ಇರುವುದು ಅಣ್ಣನ ಬಗ್ಗೆ. ಮೊದಲ ಮಗು ಅಂಬೆಗಾಲಿಡುವಾಗ ಮನೆಯಲ್ಲಿ ಗೋಲಿ, ಬಳಪದ ಚೂರು, ಆಟಿಕೆಯ ಬ್ಯಾಟರಿ ಇರಲಿಲ್ಲ. ಈಗ ಎಲ್ಲವೂ ನೆಲದ ಮೇಲೇ ಬಿದ್ದಿರುತ್ತವೆ. ನಮ್ಮ ಕಡೆ ಕಡಲೆಕಾಯಿ ಇಲ್ಲದ ಮನೆ ಕಡಿಮೆ. 5 ವರ್ಷದ ಹುಡುಗ ತಮ್ಮನ ಬಾಯಿಗೆ ಮುದ್ದಿನಿಂದಲೇ ಒಂದು ಬೀಜ ಇಡುತ್ತಾನೆ. ಅದು ಉಸಿರಿನ ಕೊಳವೆಗೆ ಜಾರಿದರೆ ಜೀವಕ್ಕೇ ಅಪಾಯ. ನಾಲ್ಕೈದು ವರ್ಷದವರೆಗೆ ಇಡೀ ಬೀಜ ಕೊಡಲೇಬೇಡಿ. ಇದ್ದಕ್ಕಿದ್ದಂತೆ ಕೆಮ್ಮು ಬಂದು ನಿಂತ ಮೇಲೂ ಉಸಿರಲ್ಲಿ ಸುಯ್ಯೆನ್ನುವ ಸದ್ದು ಉಳಿದರೆ ಬೆಳಗಾಗಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಗುಂಡಿಯಂಥ ಸಣ್ಣ ಬ್ಯಾಟರಿ ನುಂಗಿದರೂ ಅಷ್ಟೇ. ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ವಾಂತಿ ಮಾಡಿಸಲು ಹೋಗಬೇಡಿ.

ಲಸಿಕೆಯ ತಾರೀಖು ತಪ್ಪುವುದು ಕಿರಿಯ ಮಕ್ಕಳಲ್ಲೇ ಜಾಸ್ತಿ. 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆ ಹಾಕಿಸಬೇಕು. ತಾಯಿ ಕಾರ್ಡ್ ತೆಗೆದು ಇವತ್ತೇ ನೋಡಿ.

ನೀವು ಕೇಳದ ಒಂದು ಮಾತು. ನಿಮ್ಮ ಭಯವನ್ನೆಲ್ಲ ಹೊತ್ತವಳು ದೊಡ್ಡ ಮಗಳು. ಎಷ್ಟೋ ಮನೆಗಳಲ್ಲಿ ತಮ್ಮಂದಿರಿಗೆ ಸಿಗುವ ಸಲಿಗೆ ಅಕ್ಕನಿಗೆ ಸಿಗುವುದೇ ಇಲ್ಲ. ಅವಳು ಬಿದ್ದು ಮಂಡಿ ತರಚಿಕೊಂಡರೂ, ಎರಡು ಮಾರ್ಕ್ಸ್ ಕಡಿಮೆ ತಂದರೂ ಇದೇ ಸಮಾಧಾನ ಇರಲಿ. ಮಗು ನೋಡಿಕೊಳ್ಳುವ ಕೆಲಸವೂ ಅವಳ ತಲೆಗೇ ಬರಬಾರದು. ಸಂಜೆ ಅವಳನ್ನು ಆಡಲು ಬಿಡಿ.