ಬಹುಪದೋಕ್ತಿಗಳ ಹೆಸರನ್ನು ಮಗಳಿಗೆ ಬಾಯಿಪಾಠ ಮಾಡಿಸುವ ಸುಲಭ ದಾರಿ ಯಾವುದು?

ಬಾಯಿಪಾಠ ಮಾಡಿಸಲೇಬೇಡಿ. ಒಂಬತ್ತನೇ ತರಗತಿಯ ಮಗಳು ದ್ವಿಪದೋಕ್ತಿ ಕಂಡರೆ ‘ವರ್ಗ’, ತ್ರಿಪದೋಕ್ತಿ ಕಂಡರೆ ‘ಘನ’ ಎನ್ನುತ್ತಾಳೆ ಎಂದಿದ್ದೀರಿ. ಅದು ನೆನಪಿನ ದೋಷವಲ್ಲ. ವಿಜಯಪುರದಲ್ಲಿ ಹತ್ತನೇ ತರಗತಿ ಓದುವಾಗ ನನಗೆ ಆ ಹೆಸರುಗಳೆಲ್ಲ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಬರುತ್ತಿದ್ದವು. ಎಷ್ಟು ಪದಗಳಿವೆ ಎಂದು ಹೇಳುವ ಏಕ, ದ್ವಿ, ತ್ರಿ ಎಂದು ಒಂದು ಪಟ್ಟಿ. ಅತಿ ದೊಡ್ಡ ಘಾತ (ಅಕ್ಷರದ ಮೇಲೆ ಬರೆಯುವ ಪುಟ್ಟ ಸಂಖ್ಯೆ) ಒಂದೋ ಎರಡೋ ಮೂರೋ ಎಂದು ಹೇಳುವ ರೇಖಾತ್ಮಕ, ವರ್ಗ, ಘನ ಎಂದು ಇನ್ನೊಂದು. ಎರಡನ್ನೂ ಒಂದೇ ರಾಗದಲ್ಲಿ ಒಪ್ಪಿಸುತ್ತಿದ್ದೆ. ಅನಾಹುತವಾದದ್ದು ಅಲ್ಲೇ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಕ್ಷ³ − ಕ್ಷ ಎಂಬ ಬಹುಪದೋಕ್ತಿಯ ಶೂನ್ಯತೆಗಳನ್ನು, ಅಂದರೆ ಕ್ಷ ಜಾಗದಲ್ಲಿ ಹಾಕಿದರೆ ಉತ್ತರ ಸೊನ್ನೆಯಾಗುವ ಬೆಲೆಗಳನ್ನು, ಕೇಳಿದ್ದರು (ಪಠ್ಯದ ಎಕ್ಸ್ ಅನ್ನು ಇಲ್ಲಿ ಕ್ಷ ಎಂದು ಬರೆಯುತ್ತಿದ್ದೇನೆ). ಕಣ್ಣಿಗೆ ಕಂಡದ್ದು ಎರಡು ಪದ. ದ್ವಿಪದೋಕ್ತಿ, ಅಂದರೆ ಎರಡು, ಅಂದರೆ ವರ್ಗ ಎಂದು ಬರೆದೆ. ವರ್ಗ ಬಹುಪದೋಕ್ತಿಗೆ ಎರಡಕ್ಕಿಂತ ಹೆಚ್ಚು ಶೂನ್ಯತೆಗಳಿರುವುದಿಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು. ಸೊನ್ನೆ ಹಾಕಿ ನೋಡಿದೆ, ಹೊಂದಿತು. ಒಂದು ಹಾಕಿದೆ, ಅದೂ ಹೊಂದಿತು. ಎರಡು ಸಿಕ್ಕವಲ್ಲ, ಮುಂದಿನ ಲೆಕ್ಕಕ್ಕೆ ಹೋದೆ. ಮೂರನೆಯದಾದ −1 ಹಾಗೆಯೇ ಉಳಿಯಿತು, ಅಂಕವೂ ಹೋಯಿತು. ಕ್ಷ ಅನ್ನು ಹೊರತೆಗೆದು ಕ್ಷ(ಕ್ಷ − 1)(ಕ್ಷ + 1) ಎಂದು ಬಿಡಿಸಿದ್ದರೆ ಮೂರೂ ಎದುರಿಗೇ ಬರುತ್ತಿದ್ದವು. ಬಿಡಿಸಲು ನನಗೆ ಬರುತ್ತಿತ್ತು. ಆದರೆ ಇರುವುದೇ ಎರಡು ಎಂದು ನಂಬಿದವನು ಮೂರನೆಯದನ್ನು ಏಕೆ ಹುಡುಕುತ್ತಾನೆ? ತಪ್ಪು ಹೆಸರು ನನ್ನ ಹುಡುಕಾಟವನ್ನೇ ನಿಲ್ಲಿಸಿತು.

ಮನೆಯಲ್ಲಿ ಎಷ್ಟು ಕೋಣೆ ಎಂಬುದು ಒಂದು ಪ್ರಶ್ನೆ, ಎಷ್ಟು ಮಹಡಿ ಎಂಬುದು ಬೇರೆಯೇ ಪ್ರಶ್ನೆ. ಪದಗಳ ಎಣಿಕೆಗೂ ಮಹತ್ತಮ ಘಾತಕ್ಕೂ ಅಷ್ಟೇ ಅಂತರ. ಎರಡೂ ಪಟ್ಟಿಗಳನ್ನು ಬದಿಗಿಡಿ. ಪ್ರತಿಯೊಂದು ಬಹುಪದೋಕ್ತಿಯನ್ನೂ ಇಳಿಕೆ ಕ್ರಮದಲ್ಲಿ, ಇಲ್ಲದ ಘಾತಗಳಿಗೆ ಸೊನ್ನೆ ಹಾಕಿ ಬರೆಸಿ: 1ಕ್ಷ³ + 0ಕ್ಷ² − 1ಕ್ಷ + 0. ಎಡದಿಂದ ಘನಪದ, ವರ್ಗಪದ, ರೇಖಾತ್ಮಕ ಪದ, ಸ್ಥಿರಪದ. ಸೊನ್ನೆಯಲ್ಲದ ಸಹಗುಣಕವಿರುವ (ಪದದ ಮುಂದಿನ ಸಂಖ್ಯೆಯೇ ಸಹಗುಣಕ) ಮೊದಲ ಪದದ ಹೆಸರೇ ಇಡೀ ಬಹುಪದೋಕ್ತಿಯ ಹೆಸರು. ಬರೀ 7 ಇದ್ದರೆ ಘಾತ 0; ಬರೀ ಸೊನ್ನೆ ಇದ್ದರೆ ಘಾತವನ್ನೇ ವ್ಯಾಖ್ಯಾನಿಸುವುದಿಲ್ಲ.

ಇದೇನೂ ಹೊಸ ಉಪಾಯವಲ್ಲ. 1150ರಲ್ಲಿ ಭಾಸ್ಕರಾಚಾರ್ಯರು ಬೀಜಗಣಿತ ಬರೆದಾಗ ಅವ್ಯಕ್ತ ಸಂಖ್ಯೆಗೆ ‘ಯಾ’, ಅದರ ವರ್ಗಕ್ಕೆ ‘ಯಾ ವ’, ಘನಕ್ಕೆ ‘ಯಾ ಘ’, ಬಿಡಿ ಸಂಖ್ಯೆಗೆ ‘ರೂ’ ಎಂಬ ಗುರುತುಗಳಿದ್ದವು. ಪ್ರತಿ ಪದವೂ ತನ್ನ ಘಾತವನ್ನು ತಾನೇ ಹೇಳುತ್ತಿತ್ತು. ನಿಮ್ಮ ಮಗಳಿಗೆ ಬೇಕಾದದ್ದು ಅಂಥ ಅಭ್ಯಾಸ.

ಅದು ಕೈಗೆ ಕೂಡಿದ ಮೇಲೆ (ಕ್ಷ + 2)² − ಕ್ಷ² ಕೊಡಿ. ಬಿಡಿಸುವ ಮೊದಲೊಮ್ಮೆ, ಬಿಡಿಸಿದ ಮೇಲೊಮ್ಮೆ ಹೆಸರು ಬರೆಯಲಿ. ಹೆಚ್ಚಿನ ಮಕ್ಕಳು ಮೊದಲು ‘ವರ್ಗ’ ಎಂದೇ ಬರೆಯುತ್ತಾರೆ. ಕ್ಷ² ಕಳೆದುಹೋಗಿ ಉಳಿಯುವುದು 4ಕ್ಷ + 4, ರೇಖಾತ್ಮಕ.