ಕಾಲೇಜಿನ ಮೊಬೈಲ್ ಆ್ಯಪ್ ಲ್ಯಾಬ್ ಹಳೆಯದು, ಯೂಟ್ಯೂಬ್ ನೋಡಿ ಕಲಿತರೆ ಸಾಕಾ? ಕಾಟ್ಲಿನ್ ಒಳ್ಳೆಯದಾ, ಫ್ಲಟರಾ?

ಮೊದಲನೇ ಪ್ರಶ್ನೆಗೇ ಜಾಸ್ತಿ ಬರೆಯುತ್ತೇನೆ. ಎರಡನೆಯದಕ್ಕೆ (ಕಾಟ್ಲಿನ್ ಅಂದರೆ ಆಂಡ್ರಾಯ್ಡ್ ಆ್ಯಪ್ ಬರೆಯುವ ಭಾಷೆ, ಫ್ಲಟರ್ ಅಂದರೆ ಒಂದೇ ಕೋಡಿನಲ್ಲಿ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಕಟ್ಟುವ ಸಾಧನ) ಈಗಲೇ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ.

ನಾನು ಓದಿದ್ದು ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮಿನಲ್ಲಿ (ಪಠ್ಯಕ್ರಮ), ಈಗ ಬೆಂಗಳೂರಿನಲ್ಲಿ ಆಂಡ್ರಾಯ್ಡ್ ಕೆಲಸವನ್ನೇ ಮಾಡುತ್ತಿದ್ದೇನೆ. ಆರನೇ ಸೆಮಿಸ್ಟರಿನಲ್ಲಿ ನಮಗೆ ಈ ಲ್ಯಾಬ್ ಇತ್ತು. ವಿಸಿಟಿಂಗ್ ಕಾರ್ಡ್, ಕ್ಯಾಲ್ಕುಲೇಟರ್, ಪಾಸ್‌ವರ್ಡ್ ಪರೀಕ್ಷಿಸುವ ಸೈನ್ ಅಪ್ ಪುಟ, ಟೈಪ್ ಮಾಡಿದ್ದನ್ನು ಓದಿ ಹೇಳುವ ಆ್ಯಪ್, ಇಂಥವು. ಹಳೆಯದು ಅನ್ನುವ ನಿಮ್ಮ ದೂರು ನಿಜವೇ. ಆಂಡ್ರಾಯ್ಡ್‌ನಲ್ಲಿ ಇನ್ನು ಕಾಟ್ಲಿನ್‌ಗೇ ಮೊದಲ ಸ್ಥಾನ ಅಂತ ಗೂಗಲ್ 2019ರಲ್ಲೇ ಹೇಳಿತ್ತು, ನಾವು ಜಾವಾದಲ್ಲಿ ಬರೆಯುತ್ತಿದ್ದೆವು. ಅಸಿಂಕ್‌ಟಾಸ್ಕ್ (ಹಿನ್ನೆಲೆಯಲ್ಲಿ ಕೆಲಸ ಮಾಡಿಸುವ ಹಳೆಯ ಸೌಲಭ್ಯ) ಬಳಸಿ ಬ್ಯಾನರ್ ಓಡಿಸುವ ಪ್ರೋಗ್ರಾಂ ಕೂಡ ಪಟ್ಟಿಯಲ್ಲಿತ್ತು. ಅದನ್ನು ಇನ್ನು ಬಳಸಬೇಡಿ ಅಂತ 2020ರಲ್ಲಿ, ಆಂಡ್ರಾಯ್ಡ್ 11ರ ಹೊತ್ತಿಗೆ, ಗೂಗಲ್ ಹೇಳಿ ಆಗಿತ್ತು. ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಬರುತ್ತಿದ್ದರು, ಎಮ್ಯುಲೇಟರಿನಲ್ಲಿ (ಕಂಪ್ಯೂಟರಿನೊಳಗಿನ ನಕಲಿ ಫೋನು) ಔಟ್‌ಪುಟ್ ನೋಡುತ್ತಿದ್ದರು, ವೈವಾದಲ್ಲಿ ಇಂಟೆಂಟ್ ಅಂದರೇನು ಅಂತ ಕೇಳಿ ಮುಂದಿನ ಸಿಸ್ಟಮ್‌ಗೆ ಹೋಗುತ್ತಿದ್ದರು.

ಆದರೆ ಯೂಟ್ಯೂಬ್ ನೋಡಿಕೊಂಡು ಟೈಪ್ ಮಾಡಿದರೂ ಆಗುವುದು ಅದೇ ಅಲ್ವಾ? ಲ್ಯಾಬಿನಲ್ಲಿ ಮ್ಯಾನ್ಯುಯಲ್ ನೋಡಿ ಟೈಪ್ ಮಾಡುತ್ತಿದ್ದ ಜಾಗದಲ್ಲಿ ವಿಡಿಯೊ ಬಂತು, ಅಷ್ಟೇ. ಆ್ಯಪ್ ಓಡಿದ ಕೂಡಲೇ ಎರಡೂ ಕಡೆ ಪಾಠ ಮುಗಿಯುತ್ತದೆ. ಕಲಿಯುವುದೆಲ್ಲ ಇರುವುದು ಅದರ ನಂತರ.

ನಮ್ಮ ಲ್ಯಾಬಿನ ಕೌಂಟರ್ ಪ್ರೋಗ್ರಾಮನ್ನೇ ತೆಗೆದುಕೊಳ್ಳಿ. ಎರಡು ಬಟನ್. ಸ್ಟಾರ್ಟ್ ಒತ್ತಿದರೆ ಒಂದು, ಎರಡು, ಮೂರು ಅಂತ ಎಣಿಕೆ ಶುರು, ಸ್ಟಾಪ್ ಒತ್ತಿದರೆ ನಿಲ್ಲಬೇಕು. ಹ್ಯಾಂಡ್ಲರ್ (ಒಂದು ಕೆಲಸವನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮತ್ತೆ ಓಡಿಸಲು ಬಳಸುವ ಸಾಧನ) ಇಟ್ಟು ಅರ್ಧ ಗಂಟೆಯಲ್ಲಿ ಬರೆದುಬಿಡಬಹುದು. ಬರೆದು ಓಡಿಸಿ. ಎಣಿಕೆ ನಡೆಯುತ್ತಿರುವಾಗಲೇ ಫೋನನ್ನು ಅಡ್ಡ ತಿರುಗಿಸಿ. ಎಣಿಕೆ ಮಾಯವಾಗಿ ಪರದೆ ಮೊದಲಿನ ಸ್ಥಿತಿಗೆ ಬಂದಿರುತ್ತದೆ. ಫೋನ್ ತಿರುಗಿಸಿದಾಗ ಆಂಡ್ರಾಯ್ಡ್ ಹಳೆಯ ಆಕ್ಟಿವಿಟಿಯನ್ನು (ಆ್ಯಪಿನ ಒಂದು ಪರದೆ) ತೆಗೆದುಹಾಕಿ ಹೊಸದೊಂದನ್ನು ಕಟ್ಟುತ್ತದೆ, ಆನ್‌ಕ್ರಿಯೇಟ್ (ಪರದೆ ಶುರುವಾಗುವಾಗ ಓಡುವ ಕೋಡು) ಮತ್ತೆ ಓಡುತ್ತದೆ. ಇಷ್ಟೇ ಆಗಿದ್ದರೆ ಪರವಾಗಿಲ್ಲ. ಲಾಗ್‌ಕ್ಯಾಟ್‌ನಲ್ಲಿ (ಆ್ಯಪ್ ಬರೆಯುವ ಸಂದೇಶಗಳು ಕಾಣುವ ಕಿಟಕಿ) ಸಂಖ್ಯೆಗಳನ್ನು ಪ್ರಿಂಟ್ ಮಾಡಿಸಿ ನೋಡಿ. ಹಳೆಯ ಎಣಿಕೆ ಒಳಗೊಳಗೇ ಇನ್ನೂ ನಡೆಯುತ್ತಿರುತ್ತದೆ! ಹೊಸ ಪರದೆಯ ಸ್ಟಾಪ್ ಎಷ್ಟು ಸಲ ಒತ್ತಿದರೂ ಅದು ನಿಲ್ಲುವುದಿಲ್ಲ, ಏಕೆಂದರೆ ಆ ಬಟನ್ನಿಗೆ ಹಳೆಯದರ ಪರಿಚಯವೇ ಇಲ್ಲ. ಇನ್ನೊಮ್ಮೆ ಸ್ಟಾರ್ಟ್ ಒತ್ತಿದರೆ ಎರಡು ಎಣಿಕೆ ಒಟ್ಟಿಗೆ.

ಈಗ ಇದನ್ನು ಸರಿಮಾಡಿ. ಎಣಿಕೆಯನ್ನು ಯಾರು ಇಟ್ಟುಕೊಳ್ಳಬೇಕು? ವ್ಯೂಮಾಡೆಲ್‌ನಲ್ಲಿ (ಮಾಹಿತಿಯನ್ನು ಪರದೆಯಿಂದ ಬೇರೆಯಾಗಿ ಹಿಡಿದಿಡುವ ಭಾಗ) ಇಟ್ಟರೆ ತಿರುಗಿಸಿದರೂ ಉಳಿಯುತ್ತದೆ. ಆದರೆ ಬೇರೆ ಆ್ಯಪ್‌ಗೆ ಹೋದಾಗ ಮೆಮೊರಿ ಸಾಲದೆ ಆಂಡ್ರಾಯ್ಡ್ ನಿಮ್ಮ ಪ್ರೊಸೆಸ್ಸನ್ನೇ (ಓಡುತ್ತಿರುವ ಆ್ಯಪನ್ನೇ) ಮುಗಿಸಿದರೆ ಅದೂ ಹೋಗುತ್ತದೆ. ಹಾಗಾದರೆ ಡಿಸ್ಕಿನಲ್ಲಿ ಇಡಬೇಕಾ? ಇಟ್ಟರೆ ಯಾವಾಗ ಬರೆಯಬೇಕು? ಇಂಟರ್‌ವ್ಯೂಗಳಲ್ಲಿ ಸುತ್ತಿ ಬಳಸಿ ಕೇಳುವುದು ಇದನ್ನೇ.

ಇಲ್ಲಿಗೆ ಬಂದಾಗ ಕಾಲೇಜಿನ ಬೆಲೆ ಗೊತ್ತಾಗುತ್ತದೆ, ಅದೂ ಆ್ಯಪ್ ಲ್ಯಾಬಿನದಲ್ಲ. ಪ್ರೊಸೆಸ್, ಥ್ರೆಡ್, ಮೆಮೊರಿ ಇವೆಲ್ಲ ಆಪರೇಟಿಂಗ್ ಸಿಸ್ಟಮ್ ಕ್ಲಾಸಿನ ಮಾತು. ಆಂಡ್ರಾಯ್ಡ್‌ನ ಮಾಹಿತಿ ಉಳಿಸಿಡುವ ರೂಮ್ ಲೈಬ್ರರಿಯ ಅಡಿಯಲ್ಲಿ ಇರುವುದು ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್, ಅಂದರೆ ಡೇಟಾಬೇಸ್ ವಿಷಯವಾದ ಡಿಬಿಎಂಎಸ್‌ನಲ್ಲಿ ಓದಿದ್ದೇ. ಈ ವಿಷಯಗಳನ್ನು ಇಂಟರ್ನಲ್ಸ್‌ಗಾಗಿ ಸುಮ್ನೆ ಉರು ಹೊಡೆದು ಮರೆತುಬಿಡಬೇಡಿ.

ಹಾಗಾಗಿ ಲ್ಯಾಬಿನ ಪಟ್ಟಿಯಿಂದ ಯಾವುದಾದರೂ ಒಂದೇ ಪ್ರೋಗ್ರಾಂ ಆರಿಸಿ, ಅದು ಗುರುತಿಲ್ಲದವರ ಫೋನಿನಲ್ಲೂ ಓಡುವಷ್ಟು ಗಟ್ಟಿ ಆಗುವವರೆಗೆ ಕೆಲಸ ಮಾಡಿ. ನೆಟ್ ಆಫ್ ಮಾಡಿ ನೋಡಿ. ಫೋನಿನ ಅಕ್ಷರ ದೊಡ್ಡದು ಮಾಡಿ ನೋಡಿ. ವ್ಯಾಲ್ಯೂಸ್-ಕೆಎನ್ ಅನ್ನುವ ಫೋಲ್ಡರ್ ಮಾಡಿ ಕನ್ನಡ ಪದಗಳನ್ನು ಹಾಕಿ. ಬಟನ್ನಿಗೆ ಅಳೆದು ಎತ್ತರ ಕೊಟ್ಟಿದ್ದರೆ "ರಾಷ್ಟ್ರ" ಅನ್ನುವಂಥ ಪದದಲ್ಲಿ ಒತ್ತಕ್ಷರದ ಕಾಲು ಕತ್ತರಿಸಿ ಹೋಗಬಹುದು. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ. ದೊಡ್ಡ ದೊಡ್ಡ ಆ್ಯಪ್‌ಗಳಲ್ಲೂ ಈ ಎಡವಟ್ಟು ನೋಡಿದ್ದೇನೆ.

ಸಾಧ್ಯವಾದರೆ ಪ್ಲೇ ಸ್ಟೋರಿಗೂ ಹಾಕಿ. ಡೆವಲಪರ್ ಖಾತೆಗೆ ಒಂದೇ ಸಲ 25 ಡಾಲರ್. ಹೊಸ ವೈಯಕ್ತಿಕ ಖಾತೆಯಾದರೆ ಎಲ್ಲರಿಗೂ ಬಿಡುಗಡೆ ಮಾಡುವ ಮೊದಲು ಕನಿಷ್ಠ 12 ಜನ ಸತತ 14 ದಿನ ಟೆಸ್ಟರ್‌ಗಳಾಗಿ ಇರಬೇಕು. ಹಾಸ್ಟೆಲಿನಲ್ಲಿದ್ದರೆ ಅಷ್ಟು ಜನ ಸಿಗುವುದು ಕಷ್ಟವಲ್ಲ, ಮಧ್ಯದಲ್ಲಿ ಬಿಟ್ಟುಹೋಗದಂತೆ ನೋಡಿಕೊಳ್ಳುವುದೇ ಕಷ್ಟ. ಇನ್ನು ಆ್ಯಪ್ ನಿಮ್ಮದೇ ಅಂತ ಸೈನ್ ಮಾಡುವ ಕೀಸ್ಟೋರ್ ಫೈಲು ಮತ್ತು ಅದರ ಪಾಸ್‌ವರ್ಡ್ ಎರಡು ಕಡೆ ಜೋಪಾನವಾಗಿಡಿ.

ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಮಾತ್ರ ಇದ್ದರೆ ಎಮ್ಯುಲೇಟರ್ ಆಸೆ ಬಿಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಕೇಬಲ್ ಜೋಡಿಸಿ, ನೇರ ಫೋನಿನಲ್ಲೇ ಓಡಿಸಿ.

ಕಾಟ್ಲಿನ್ನೋ ಫ್ಲಟರೋ? ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು, ಓದಿರುವುದು ಜಾವಾ ಆಗಿದ್ದರೆ ಕಾಟ್ಲಿನ್ ಮತ್ತು ಕಂಪೋಸ್ (ಕಾಟ್ಲಿನ್‌ನಲ್ಲೇ ಪರದೆ ಕಟ್ಟುವ ಸಾಧನ) ಹತ್ತಿರದ ದಾರಿ. ಒಂದೇ ಕೋಡಿನಲ್ಲಿ ಐಫೋನಿಗೂ ಬೇಕು ಅಂದರೆ ಫ್ಲಟರ್, ಆದರೆ ಐಫೋನಿಗೆ ಬಿಲ್ಡ್ ಮಾಡಲು ಮ್ಯಾಕ್ ಬೇಕೇ ಬೇಕು, ಆ್ಯಪ್ ಸ್ಟೋರಿಗೆ ವರ್ಷ ವರ್ಷ 99 ಡಾಲರ್. ವಿದ್ಯಾರ್ಥಿಯಾಗಿ ಆ ಖರ್ಚು ಈಗ ಬೇಡ ಅನ್ನುವುದು ನನ್ನ ಅಭಿಪ್ರಾಯ. ಯಾವುದು ಆರಿಸಿದರೂ ಆ ಕೌಂಟರ್ ಬರೆದು ಫೋನ್ ತಿರುಗಿಸಿ ನೋಡಿ. ಸಿಕ್ಕಿಹಾಕಿಕೊಂಡರೆ ಕೋಡ್ ಸಮೇತ ಕೆಳಗೆ ಕೇಳಿ, ನೋಡುತ್ತೇನೆ.